ಹತ್ತು ಕಂಪ್ಯೂಟರಿಗೆ ವರ್ಚುವಲ್‌ಬಾಕ್ಸ್: ತೀರ್ಥಹಳ್ಳಿ ಕಡೆಯ ಒಂದು ಲ್ಯಾಬಿನ ಕೆಲಸದ ದಿನಚರಿ

ಕೆಲಸ ಮೊನ್ನೆ ಶನಿವಾರ ಮುಗಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಹಾಗಾಗಿ ತಪ್ಪು ಯಾವುದನ್ನೂ ಮುಚ್ಚಿಟ್ಟಿಲ್ಲ.

ಕಾಲೇಜು ತೀರ್ಥಹಳ್ಳಿಗೆ ಹತ್ತಿರ, ನಾನೂ ಅಲ್ಲೇ ಓದಿದವನು. ಲ್ಯಾಬಿನಲ್ಲಿ 10 ಕಂಪ್ಯೂಟರ್ ಇವೆ. 9 ಹಳೆಯವು: ನಾಲ್ಕನೇ ಜನರೇಶನ್ ಐ3, 120 ಜಿಬಿ ಎಸ್‌ಎಸ್‌ಡಿ, ಉಬುಂಟು 22.04 ಅನ್ನುವ ಲಿನಕ್ಸ್. ಹತ್ತನೆಯದು ಹೊಸದು, ಅದರಲ್ಲಿ ಉಬುಂಟು 24.04. ಮಕ್ಕಳು ಲಿನಕ್ಸ್ ಸರ್ವರ್ ಕಲಿಯಬೇಕು, ಅಡ್ಮಿನ್ ಪಾಸ್‌ವರ್ಡ್ ಕೈಗೆ ಸಿಗಬೇಕು, ಏನು ಬೇಕಾದರೂ ಅಳಿಸಿ ನೋಡಬೇಕು, ಆದರೆ ಲ್ಯಾಬಿನ ಕಂಪ್ಯೂಟರ್ ಹಾಳಾಗಬಾರದು. ಅದಕ್ಕೇ ವರ್ಚುವಲ್‌ಬಾಕ್ಸ್, ಅಂದರೆ ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರಿನಲ್ಲೇ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ. ಹಾಗೆ ಒಳಗೆ ಓಡುವುದನ್ನು ವಿಎಂ ಅನ್ನುತ್ತಾರೆ. ಪ್ರತಿ ಕಂಪ್ಯೂಟರಿನ ಒಳಗೆ ಒಂದು ಉಬುಂಟು ಸರ್ವರ್ ವಿಎಂ: 1 ಪ್ರೊಸೆಸರ್, 1 ಜಿಬಿ ರ‍್ಯಾಮ್, 10 ಜಿಬಿ ಡಿಸ್ಕ್.

ಹತ್ತಕ್ಕೂ ಕೈಯಲ್ಲೇ ಮಾಡಬಹುದಿತ್ತಲ್ವಾ ಅಂತ ಕೇಳಬಹುದು. ಹೋದ ವರ್ಷ ಹಾಗೇ ಮಾಡಿದ್ದೆ. ಎರಡು ದಿನ ಹಿಡಿಯಿತು, ಹತ್ತೂ ಹತ್ತು ಥರ ಆದವು, ಒಂದರಲ್ಲಿ ಕೆಲಸ ಮಾಡಿದ ಪಾಠ ಪಕ್ಕದ್ದರಲ್ಲಿ ಮಾಡಲಿಲ್ಲ. ಕಂಪ್ಯೂಟರ್ ಸೈನ್ಸ್ ಮೇಡಂ ಈ ಸಲ ಮೊದಲೇ ಹೇಳಿದ್ದರು, "ಎಲ್ಲ ಒಂದೇ ಥರ ಇರಬೇಕಪ್ಪ, ಇಲ್ಲಾಂದ್ರೆ ನಾನು ಹತ್ತು ಕಡೆ ಓಡಾಡಬೇಕಾಗುತ್ತೆ."

ಆಗಸ್ಟ್ 30, ಶನಿವಾರ. ಒಂದೇ ಕಂಪ್ಯೂಟರಿನಲ್ಲಿ ಪ್ರಯೋಗ

ವಾರದ ಮಧ್ಯೆ ಶಿವಮೊಗ್ಗಕ್ಕೆ ಹೋದಾಗ 4 ಜಿಬಿಯ ಹಳೆಯ ಡಿಡಿಆರ್3 ರ‍್ಯಾಮ್ ಮೂರು ತಂದಿದ್ದೆ, ಒಂದಕ್ಕೆ ₹650. ಮೂರು ಕಂಪ್ಯೂಟರಿನಲ್ಲಿ 4 ಜಿಬಿ ಮಾತ್ರ ಇತ್ತು, ಈಗ ಎಲ್ಲದರಲ್ಲೂ 8. ಹಾಕಿದಾಗ ಒಂದು ಆನ್ ಆಗದೆ ಬೀಪ್ ಹೊಡೆಯಿತು. ನಮ್ಮ ಕಡೆಯ ತೇವಕ್ಕೆ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗಿರುತ್ತದೆ. ಹಳೆಯ ರ‍್ಯಾಮನ್ನೂ ತೆಗೆದು, ಪೆನ್ಸಿಲ್ ರಬ್ಬರಿನಿಂದ ಎರಡೂ ಬದಿ ಉಜ್ಜಿ, ಪುಡಿ ಊದಿ ಹಾಕಿದೆ. ಬಂತು.

ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಆನ್ಸಿಬಲ್ ಹಾಕಿಕೊಂಡೆ, ಒಂದೇ ಕಡೆಯಿಂದ ಹಲವು ಕಂಪ್ಯೂಟರಿನಲ್ಲಿ ಒಂದೇ ಕೆಲಸ ಮಾಡಿಸುವ ಸಾಧನ. ಇದು ಎಸ್‌ಎಸ್‌ಎಚ್ (ದೂರದಿಂದ ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ) ಮೂಲಕ ಕೆಲಸ ಮಾಡುತ್ತದೆ, ಲ್ಯಾಬಿನ ಕಂಪ್ಯೂಟರುಗಳಲ್ಲಿ ಅದನ್ನು ಬಿಟ್ಟು ಬೇರೆ ಏನೂ ಹಾಕಬೇಕಿಲ್ಲ, ಪೈಥಾನ್ ಇದ್ದರೆ ಸಾಕು, ಅದು ಉಬುಂಟುವಿನಲ್ಲಿ ಇದ್ದೇ ಇರುತ್ತದೆ. ಏನೇನು ಆಗಬೇಕು ಅಂತ ಒಂದು ಫೈಲಿನಲ್ಲಿ ಬರೆದಿಡುತ್ತೇವೆ, ಅದನ್ನು ಪ್ಲೇಬುಕ್ ಅನ್ನುತ್ತಾರೆ. ನನ್ನ ಮೊದಲ ಪ್ಲೇಬುಕ್ಕಿನಲ್ಲಿ ಇದ್ದದ್ದು ಮೂರೇ ಕೆಲಸ: ವರ್ಚುವಲ್‌ಬಾಕ್ಸ್ ಹಾಕು, ಬಳಕೆದಾರರನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸು, ವಿಎಂ ಇಂಪೋರ್ಟ್ ಮಾಡು (ಸಿದ್ಧ ವಿಎಂ ಫೈಲನ್ನು ವರ್ಚುವಲ್‌ಬಾಕ್ಸ್‌ಗೆ ಸೇರಿಸು).

ಮೂರರಲ್ಲಿ ಎರಡು ತಪ್ಪಾಗಿದ್ದವು.

ಮೊದಲನೆಯದು ಗುಂಪಿನ ಸಾಲು. ಆನ್ಸಿಬಲ್‌ನಲ್ಲಿ ಗುಂಪಿನ ಹೆಸರು ಕೊಟ್ಟು ಅಪೆಂಡ್ ಅನ್ನುವುದನ್ನು ಬರೆಯದಿದ್ದರೆ, ಆ ಬಳಕೆದಾರ ತನ್ನ ಮೂಲ ಗುಂಪು ಬಿಟ್ಟರೆ ಅದೊಂದೇ ಗುಂಪಿನಲ್ಲಿ ಉಳಿಯುತ್ತಾನೆ, ಬಾಕಿ ಎಲ್ಲ ಗುಂಪಿನಿಂದ ಹೊರಗೆ. ನಾನು ಬರೆದಿರಲಿಲ್ಲ. ಅಡ್ಮಿನ್ ಖಾತೆ, ಅಡ್ಮಿನ್ ಅಧಿಕಾರ ಕೊಡುವ ಸುಡೋ ಗುಂಪಿನಿಂದಲೇ ಹೊರಗೆ ಬಿತ್ತು. ಮುಂದಿನ ಸಾಲಿಗೆ ಬರುತ್ತಿದ್ದ ಹಾಗೇ ಪ್ಲೇಬುಕ್ ನಿಂತಿತು. ಕಂಪ್ಯೂಟರಿನ ಮುಂದೆ ಕೂತು ಸುಡೋ ಹೊಡೆದರೆ ನಿಮಗೆ ಅನುಮತಿ ಇಲ್ಲ ಅಂತ ಬಂತು. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ರಿಕವರಿ ಮೋಡ್‌ಗೆ ಹೋಗಿ, ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಶೆಲ್ ತೆಗೆದು, ಡಿಸ್ಕನ್ನು ಬರೆಯಲು ಆಗುವ ಹಾಗೆ ಮತ್ತೆ ಮೌಂಟ್ ಮಾಡಿ, ಖಾತೆಯನ್ನು ಸುಡೋ ಗುಂಪಿಗೆ ಸೇರಿಸಿದೆ. 20 ನಿಮಿಷ. ಹತ್ತರ ಮೇಲೂ ಒಟ್ಟಿಗೆ ಓಡಿಸಿದ್ದರೆ ಸಂಜೆ ಪೂರ್ತಿ ಇದೇ ಆಗುತ್ತಿತ್ತು.

ಅಂದಹಾಗೆ ಈ ಗುಂಪು ಬೇಕಾಗುವುದು ಪೆನ್‌ಡ್ರೈವ್ ಥರದ ಯುಎಸ್‌ಬಿ ಸಾಧನವನ್ನು ವಿಎಂ ಒಳಗೆ ಕೊಡಲಿಕ್ಕೆ. ಸುಮ್ನೆ ವಿಎಂ ಓಡಿಸುವುದಕ್ಕೆ ಅದು ಬೇಕಿಲ್ಲ.

ಎರಡನೆಯ ತಪ್ಪು ಇನ್ನೂ ಹೊತ್ತು ತಿಂದಿತು. ಪ್ಲೇಬುಕ್ ಎಲ್ಲ ಹಸಿರು ತೋರಿಸಿತು, ಇಂಪೋರ್ಟ್ ಆಯಿತು ಅಂದಿತು. ವಿದ್ಯಾರ್ಥಿ ಖಾತೆಯಲ್ಲಿ ಲಾಗಿನ್ ಆಗಿ ವರ್ಚುವಲ್‌ಬಾಕ್ಸ್ ತೆರೆದರೆ ಎಡಗಡೆಯ ಪಟ್ಟಿ ಖಾಲಿ. ಮತ್ತೆ ಓಡಿಸಿದೆ, ಮತ್ತೆ ಹಸಿರು, ಮತ್ತೆ ಖಾಲಿ. ಮೂರನೇ ಸಲ ಓಡಿಸಿದ ಮೇಲೆ ಡಿಸ್ಕ್ ನೋಡಿದೆ, ಜಾಗ ಕಡಿಮೆಯಾಗಿದೆ. ಹುಡುಕಿದರೆ ರೂಟ್‌ನ ಮನೆ ಫೋಲ್ಡರಿನಲ್ಲಿ ಮೂರು ವಿಎಂ ಸಾಲಾಗಿ ಕೂತಿವೆ. ವರ್ಚುವಲ್‌ಬಾಕ್ಸ್‌ನಲ್ಲಿ ವಿಎಂ ಅನ್ನುವುದು ಆಯಾ ಬಳಕೆದಾರರ ಲೆಕ್ಕಕ್ಕೆ ಸೇರಿದ್ದು, ಅವರವರ ಮನೆ ಫೋಲ್ಡರಿನಲ್ಲೇ ಅದರ ಪಟ್ಟಿ ಇರುತ್ತದೆ. ನಾನು ಇಡೀ ಪ್ಲೇಬುಕ್ಕನ್ನು ರೂಟ್ ಆಗಿ ಓಡಿಸಿದ್ದೆ, ಹಾಗಾಗಿ ಎಲ್ಲವೂ ರೂಟ್‌ಗೆ ಹೋದವು.

ಸರಿಪಡಿಸಿದ್ದು ಹೀಗೆ: ಪ್ಯಾಕೇಜ್ ಹಾಕುವುದು ರೂಟ್ ಆಗಿ, ಇಂಪೋರ್ಟ್‌ನಿಂದ ಮುಂದಿನದೆಲ್ಲ ವಿದ್ಯಾರ್ಥಿ ಖಾತೆಯಾಗಿ. ಮತ್ತೆ, ಇಂಪೋರ್ಟ್‌ಗೆ ಮೊದಲು ವಿಎಂಗಳ ಪಟ್ಟಿ ತೆಗೆದು ನೋಡುವುದು, ಆ ಹೆಸರು ಇದ್ದರೆ ಇಂಪೋರ್ಟ್ ಬಿಟ್ಟು ಮುಂದೆ ಹೋಗುವುದು. ಒಂದೇ ಪ್ಲೇಬುಕ್ ಹತ್ತು ಸಲ ಓಡಿಸಿದರೂ ಒಂದೇ ಫಲಿತಾಂಶ ಬರಬೇಕು, ಇಲ್ಲದಿದ್ದರೆ ಅದನ್ನು ಬರೆದೇ ಪ್ರಯೋಜನ ಇಲ್ಲ.

ಆಗಸ್ಟ್ 31, ಭಾನುವಾರ. ಬಯಾಸ್ ಸುತ್ತು

ಹತ್ತರ ಮೇಲೂ ಪ್ಯಾಕೇಜ್ ಹಾಕಿಸಿದೆ. ಎಲ್ಲರಿಗೂ ಬೇರೆ ಬೇರೆ ಡೌನ್‌ಲೋಡ್ ಬೇಡ ಅಂತ ಲ್ಯಾಪ್‌ಟಾಪಿನಲ್ಲಿ ಆಪ್ಟ್ ಕ್ಯಾಶರ್ ಎನ್‌ಜಿ ಇಟ್ಟೆ, ಅದು 3142ನೇ ಪೋರ್ಟಿನಲ್ಲಿ ಕೂತು ಒಮ್ಮೆ ಇಳಿಸಿದ್ದನ್ನೇ ಎಲ್ಲರಿಗೂ ಹಂಚುತ್ತದೆ. ಆವತ್ತು ಲೈನ್ ಕೆಟ್ಟಿತ್ತು, ನನ್ನ ಫೋನಿನ ಹಾಟ್‌ಸ್ಪಾಟೇ ಗತಿ. ಕಿಟಕಿಯ ಒಂದು ಮೂಲೆಯಲ್ಲಿ ಇಟ್ಟರೆ ಮಾತ್ರ ಸಿಗ್ನಲ್. ಕ್ಯಾಶರ್ ಇಲ್ಲದಿದ್ದರೆ ಆ ದಿನ ಕೆಲಸ ಅಲ್ಲೇ ನಿಲ್ಲುತ್ತಿತ್ತು.

ಹತ್ತರಲ್ಲಿ ನಾಲ್ಕು ಕೆಂಪಾದವು. ಡಿಪಿಕೆಜಿ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಪ್ರೋಗ್ರಾಂ) ಲಾಕ್ ಸಿಗಲಿಲ್ಲ ಅಂತ. ಕಂಪ್ಯೂಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಉಬುಂಟು ತಾನೇ ಅಪ್‌ಡೇಟ್ ಶುರು ಮಾಡಿಕೊಳ್ಳುತ್ತದೆ, ಅದು ಮುಗಿಯುವ ತನಕ ಬೇರೆಯವರು ಕಾಯಬೇಕು. ಪ್ಲೇಬುಕ್ಕಿನ ಆಪ್ಟ್ ಸಾಲಿನಲ್ಲಿ ಲಾಕ್‌ಗೆ ಕಾಯುವ ಸಮಯವನ್ನು 600 ಸೆಕೆಂಡಿಗೆ ಏರಿಸಿದೆ, ಸರಿಹೋಯಿತು.

ವರ್ಚುವಲ್‌ಬಾಕ್ಸ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್ ಪ್ಯಾಕ್ ಹಾಕಲಿಲ್ಲ. ಅದರ ಲೈಸೆನ್ಸ್ ಬೇರೆ, ಹಾಕುವಾಗ ಒಪ್ಪಿಗೆ ಕೇಳಿ ನಿಲ್ಲುತ್ತದೆ, ಮತ್ತೆ ನಮಗೆ ಅದರ ಅಗತ್ಯವೂ ಇರಲಿಲ್ಲ.

ವಿಎಂ ಆನ್ ಮಾಡಿ ನೋಡಿದರೆ ಎರಡು ಥರದ ಎರರ್. ಕೆಲವದರಲ್ಲಿ ವಿಟಿ-ಎಕ್ಸ್ (ವಿಎಂ ಓಡಿಸಲು ಪ್ರೊಸೆಸರ್ ಕೊಡುವ ಸೌಲಭ್ಯ) ಬಯಾಸ್‌ನಲ್ಲೇ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್) ಆಫ್ ಇದೆ ಅಂತ. ಇನ್ನು ಕೆಲವದರಲ್ಲಿ ಕರ್ನಲ್ (ಉಬುಂಟುವಿನ ತಿರುಳು) ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ, ಮೈನಸ್ 1908 ಅಂತ. ಎರಡನೆಯದು ಸೆಕ್ಯೂರ್ ಬೂಟ್‌ನ ಕೆಲಸ, ಒಪ್ಪಿದ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಕಾವಲು ಅದು. ವರ್ಚುವಲ್‌ಬಾಕ್ಸ್‌ನ ಡ್ರೈವರ್ ಆಯಾ ಕಂಪ್ಯೂಟರಿನಲ್ಲೇ ಕಂಪೈಲ್ ಆಗುತ್ತದೆ, ಅದರ ಸಹಿಯ ಕೀಯನ್ನು ಮೊದಲೇ ಒಪ್ಪಿಸಿರದಿದ್ದರೆ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೈಯಲ್ಲಿ ಹಾಕಿದರೆ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಅದನ್ನೇ ಕೊಟ್ಟು ಕೀಯನ್ನು ಒಪ್ಪಿಸಬೇಕು. ನಾನು ಪ್ರಶ್ನೆಯೇ ಕೇಳಬೇಡ ಅಂತ ಓಡಿಸಿದ್ದೆ, ಹಾಗಾಗಿ ಕೇಳಲೂ ಇಲ್ಲ, ಒಪ್ಪಿಸಲೂ ಇಲ್ಲ.

ಎರಡು ಕಂಪ್ಯೂಟರಿನಲ್ಲಿ ನೀಲಿ ಪರದೆಯ ದಾರಿಯನ್ನೇ ಹಿಡಿದೆ. ಆ ಪರದೆ 10 ಸೆಕೆಂಡ್ ಕಾದು, ಯಾರೂ ಕೀ ಒತ್ತದಿದ್ದರೆ ಮುಂದೆ ಹೋಗಿಬಿಡುತ್ತದೆ. ಒಂದರಲ್ಲಿ ಒತ್ತುವಾಗ ಇನ್ನೊಂದು ತಪ್ಪಿತು. ಹೇಗೂ ವಿಟಿ-ಎಕ್ಸ್‌ಗಾಗಿ ಬಯಾಸ್ ಒಳಗೆ ಹೋಗಲೇಬೇಕು, ಅಲ್ಲೇ ಸೆಕ್ಯೂರ್ ಬೂಟ್ ಆಫ್ ಮಾಡಿಬಿಡೋಣ ಅಂತ ತೀರ್ಮಾನಿಸಿದೆ. ಇದು ಕಲಿಯುವ ಲ್ಯಾಬು, ಬರೀ ಉಬುಂಟು ಇದೆ, ಹಾಗಾಗಿ ನನಗೆ ಸರಿ ಅನಿಸಿತು. ಜೊತೆಗೆ ವಿಂಡೋಸ್ ಇದ್ದು ಬಿಟ್‌ಲಾಕರ್ ಹಾಕಿದ್ದರೆ ಹೀಗೆ ಮಾಡಬೇಡಿ, ಮುಂದಿನ ಸಲ ರಿಕವರಿ ಕೀ ಕೇಳಿ ಕೂರುತ್ತದೆ.

ಯಾವುದರ ಬಯಾಸ್‌ಗೆ ಹೋಗಬೇಕು ಅಂತ ತಿಳಿಯಲು ಹತ್ತೂ ಕಂಪ್ಯೂಟರಿಗೆ ಒಂದೇ ಆದೇಶ ಕಳಿಸಿದೆ. ಕರ್ನಲ್‌ನ ಡಿಮೆಸೇಜ್ ಅನ್ನುವ ದಾಖಲೆಯಲ್ಲಿ ವಿಎಂಎಕ್ಸ್ (ವಿಟಿ-ಎಕ್ಸ್‌ನದೇ ಇನ್ನೊಂದು ಹೆಸರು) ಅನ್ನು ಬಯಾಸ್ ಆಫ್ ಮಾಡಿದೆ ಅನ್ನುವ ಸಾಲು ಇದೆಯಾ ಅಂತ ಹುಡುಕುವುದು, ಮೋಕ್‌ಯುಟಿಲ್‌ನಿಂದ ಸೆಕ್ಯೂರ್ ಬೂಟ್ ಸ್ಥಿತಿ ಕೇಳುವುದು. ವಿಟಿ-ಎಕ್ಸ್ ಆಫ್ ಇದ್ದದ್ದು 7, ಸೆಕ್ಯೂರ್ ಬೂಟ್ ಆನ್ ಇದ್ದದ್ದು 5. ಕಾಗದದಲ್ಲಿ ಗುರುತು ಹಾಕಿಕೊಂಡು ಒಂದೊಂದೇ ಮುಗಿಸಿದೆ. ಸೇವ್ ಮಾಡಿದ ಮೇಲೆ ಕೆಲವು ಕಂಪ್ಯೂಟರಿಗೆ ರೀಸ್ಟಾರ್ಟ್ ಸಾಲದು, ಹಾಗಾಗಿ ಪೂರ್ತಿ ಆಫ್ ಮಾಡಿ ಆನ್ ಮಾಡಿದೆ. ಸಂಜೆ ಹೊತ್ತಿಗೆ ಹತ್ತರಲ್ಲೂ ಖಾಲಿ ವಿಎಂ ಓಡಿತು.

ಸೆಪ್ಟೆಂಬರ್ 6, ಶನಿವಾರ. ಒಂದೇ ಐಪಿ, ಎರಡು ವಿಎಂ

ಹುಬ್ಬೆ ಮಳೆ ಹಿಡಿದಿತ್ತು. ಹೋಗಿ ಆನ್ ಮಾಡಿದರೆ 2, 5, 8ನೇ ಕಂಪ್ಯೂಟರಿನಲ್ಲಿ ವಿಟಿ-ಎಕ್ಸ್ ಮತ್ತೆ ಆಫ್. ಹೋದ ವಾರ ಎಫ್10 ಒತ್ತಿ ಸೇವ್ ಮಾಡುವುದನ್ನು ಮರೆತಿರಬೇಕು ಅಂದುಕೊಂಡೆ. ಮತ್ತೆ ಮಾಡಿದೆ, ಈ ಸಲ ನೋಡಿಕೊಂಡು.

ಇವತ್ತಿನ ಕೆಲಸ ನಿಜವಾದ ವಿಎಂ ಹಂಚುವುದು. ಮನೆಯಲ್ಲಿ ಉಬುಂಟು ಸರ್ವರ್ ಹಾಕಿ, ಬೇಕಾದ್ದೆಲ್ಲ ಸೇರಿಸಿ, ಒವಿಎ ಫೈಲಾಗಿ (ಇಡೀ ವಿಎಂ ಒಂದೇ ಫೈಲಿನಲ್ಲಿ) ತೆಗೆದಿದ್ದೆ, 1.6 ಜಿಬಿ. ಆನ್ಸಿಬಲ್‌ನ ಕಾಪಿ ಬಳಸಿ ವೈಫೈ ಮೇಲೆ ಕಳಿಸಲು ಶುರು ಮಾಡಿದೆ. ಒಟ್ಟು 16 ಜಿಬಿ, ಸೆಕೆಂಡಿಗೆ ಎರಡೂವರೆ ಎಂಬಿ ಹೋಗುತ್ತಿತ್ತು, ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಗಂಟೆ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಕರೆಂಟ್ ಒಂದು ಗಳಿಗೆ ಹೋಯಿತು, ಎಲ್ಲ ಅರ್ಧಕ್ಕೆ ನಿಂತವು.

ಕರೆಂಟ್ ಬಂದ ಮೇಲೆ ದಾರಿ ಬದಲಿಸಿದೆ. ಹೊಸ ಕೇಬಲ್ ಒಂದು ತಂದಿದ್ದೆ, ₹120, ಲ್ಯಾಪ್‌ಟಾಪನ್ನು ನೇರ ಲ್ಯಾಬಿನ ಸ್ವಿಚ್‌ಗೆ ಕೊಟ್ಟೆ. ಪೈಥಾನ್‌ನ ಸಣ್ಣ ವೆಬ್ ಸರ್ವರ್ ಓಡಿಸಿ, ಕಂಪ್ಯೂಟರುಗಳೇ ಬಂದು ಫೈಲ್ ಎಳೆದುಕೊಳ್ಳುವ ಹಾಗೆ ಮಾಡಿದೆ. ಫೈಲಿನ ಚೆಕ್‌ಸಮ್ ಕೂಡ ಪ್ಲೇಬುಕ್ಕಿನಲ್ಲಿ ಬರೆದೆ. ಸರಿಯಾಗಿ ಬಂದಿದ್ದರೆ ಮತ್ತೆ ಎಳೆಯುವುದಿಲ್ಲ, ಅರ್ಧ ಬಂದಿದ್ದರೆ ಎಳೆಯುತ್ತದೆ. ಸ್ವಿಚ್ 100 ಎಂಬಿಪಿಎಸ್‌ನದ್ದು, ಹತ್ತಕ್ಕೂ ಸೇರಿ 25 ನಿಮಿಷ.

ನೆಟ್‌ವರ್ಕ್ ಬ್ರಿಡ್ಜ್ ಮಾಡಿದ್ದೆ, ಮಕ್ಕಳು ಒಬ್ಬರ ವಿಎಂನಿಂದ ಇನ್ನೊಬ್ಬರ ವಿಎಂಗೆ ಹೋಗಿ ನೋಡಲಿ ಅಂತ. ಬ್ರಿಡ್ಜ್ ಅಂದರೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಡಬೇಕು, ಅದು ಕೆಲವದರಲ್ಲಿ ಇಎನ್‌ಪಿ2ಎಸ್0, ಕೆಲವದರಲ್ಲಿ ಇಎನ್‌ಪಿ3ಎಸ್0. ಆನ್ಸಿಬಲ್ ಪ್ರತಿ ಕಂಪ್ಯೂಟರಿನ ವಿವರ ಮೊದಲೇ ಕಲೆಹಾಕಿರುತ್ತದೆ, ಅದರಿಂದಲೇ ಹೆಸರು ತೆಗೆದು ಕೊಟ್ಟೆ. ಇದು ಮೊದಲ ಸಲವೇ ಸರಿಬಂತು.

ಹತ್ತೂ ಆನ್ ಆದವು. ಆಮೇಲೆ ವಿಚಿತ್ರ. ಒಂದನೇ ವಿಎಂಗೆ ಎಸ್‌ಎಸ್‌ಎಚ್ ಮಾಡಿದರೆ ಒಮ್ಮೆ ಒಂದನೆಯದು ಸಿಗುತ್ತದೆ, ಇನ್ನೊಮ್ಮೆ ಆರನೆಯದು. ಪಿಂಗ್ ಮಾಡಿದರೆ ಉತ್ತರ ಬಿಟ್ಟು ಬಿಟ್ಟು ಬರುತ್ತದೆ. ಕೇಬಲ್ ಅಲ್ಲಾಡಿಸಿದೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಒಂದು ಗಂಟೆ ಆದ ಮೇಲೆ ಎರಡು ವಿಎಂ ಪರದೆಯನ್ನು ಅಕ್ಕಪಕ್ಕ ಇಟ್ಟು ಐಪಿ (ನೆಟ್‌ವರ್ಕಿನಲ್ಲಿ ಆಯಾ ವಿಎಂನ ವಿಳಾಸ) ನೋಡಿದೆ. ಎರಡರಲ್ಲೂ ಒಂದೇ. ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ಅಡ್ರೆಸ್ ಮಾತ್ರ ಬೇರೆ ಬೇರೆ.

ಮ್ಯಾಕ್ ಬೇರೆ ಇದ್ದೂ ಐಪಿ ಒಂದೇ ಹೇಗೆ? ಉಬುಂಟು ಸರ್ವರ್ ಐಪಿ ಕೇಳುವಾಗ ತನ್ನ ಗುರುತು ಅಂತ ಹೇಳುವುದು ಮ್ಯಾಕ್ ಅಲ್ಲ, ಮಷೀನ್ ಐಡಿಯಿಂದ ಮಾಡಿದ ಒಂದು ಸಂಖ್ಯೆ. ಒಂದೇ ಅಚ್ಚಿನಿಂದ ತೆಗೆದ ಹತ್ತಕ್ಕೂ ಮಷೀನ್ ಐಡಿ ಒಂದೇ. ರೂಟರ್‌ಗೆ ಹತ್ತು ಜನ ಬಂದು ಒಂದೇ ಹೆಸರು ಹೇಳಿದ ಹಾಗೆ.

ಅಚ್ಚಿನ ವಿಎಂ ತೆರೆದು ಮಷೀನ್ ಐಡಿ ಫೈಲನ್ನು ಖಾಲಿ ಮಾಡಿದೆ. ಫೈಲ್ ಅಳಿಸಬಾರದು, ಖಾಲಿ ಮಾಡಿ ಇಡಬೇಕು, ಮುಂದಿನ ಸಲ ಆನ್ ಆದಾಗ ಹೊಸದು ತಾನೇ ಹುಟ್ಟುತ್ತದೆ. ಖಾಲಿ ಮಾಡಿದ ಮೇಲೆ ಮತ್ತೆ ಆನ್ ಮಾಡದೆ ನೇರ ಒವಿಎ ತೆಗೆಯಬೇಕು. ಅದೇ ಹೊತ್ತಿಗೆ ಎಸ್‌ಎಸ್‌ಎಚ್‌ನ ಹೋಸ್ಟ್ ಕೀಗಳನ್ನೂ (ಲಾಗಿನ್ ಆಗುವವರಿಗೆ ಇದು ಅದೇ ಕಂಪ್ಯೂಟರ್ ಅಂತ ತೋರಿಸುವ ಗುರುತು) ಅಳಿಸಿದೆ, ಹತ್ತಕ್ಕೂ ಒಂದೇ ಕೀ ಇರಬಾರದಲ್ವಾ. ಆದರೆ ಅವನ್ನು ಮತ್ತೆ ಹುಟ್ಟಿಸುವ ವ್ಯವಸ್ಥೆ ಮಾಡಲು ಮರೆತೆ. ಕತ್ತಲಾಗಿತ್ತು, ನೋಡದೆ ಹಂಚಿ ಮನೆಗೆ ಹೋದೆ.

ಸೆಪ್ಟೆಂಬರ್ 7, ಭಾನುವಾರ. ಬ್ಯಾಟರಿ

2, 5, 8 ಮತ್ತೆ ಆಫ್.

ಈ ಸಲ ಸೇವ್ ಮಾಡಿದ್ದು ಖಂಡಿತ ನೆನಪಿತ್ತು. ಐದರ ಬಯಾಸ್ ತೆರೆದು, ವಿಟಿ-ಎಕ್ಸ್‌ಗೆ ಹೋಗುವ ಮೊದಲು ಮೊದಲ ಪುಟವನ್ನೇ ಸರಿಯಾಗಿ ಓದಿದೆ. ತಾರೀಖು 2013ರ ಜನವರಿ 1. ಇಷ್ಟು ಹೊತ್ತು ಕಣ್ಣೆದುರೇ ಇತ್ತು, ನಾನು ಆ ಪುಟ ದಾಟಿ ಹೋಗುತ್ತಿದ್ದೆ. ಉಬುಂಟು ಒಳಗೆ ಗಡಿಯಾರ ನೆಟ್‌ವರ್ಕಿನಿಂದ ತಾನೇ ಸರಿಹೋಗುತ್ತದೆ, ಹಾಗಾಗಿ ಅಲ್ಲಿ ಗೊತ್ತಾಗಿರಲಿಲ್ಲ.

ಮದರ್‌ಬೋರ್ಡಿನ ಗುಂಡನೆಯ ಬ್ಯಾಟರಿ ಸತ್ತಿದೆ. ಲ್ಯಾಬಿನ ಅಟೆಂಡರ್ ಅಣ್ಣ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ. ಸಿಡಿಲಿನ ಊರು, ಮಾಡಲೇಬೇಕು. ಕರೆಂಟ್ ಪೂರ್ತಿ ನಿಂತ ಮೇಲೆ ಬಯಾಸ್‌ನ ನೆನಪು ಉಳಿಯುವುದು ಆ ಬ್ಯಾಟರಿಯಿಂದಲೇ. ಬ್ಯಾಟರಿ ಇಲ್ಲದಿದ್ದರೆ ಬೆಳಿಗ್ಗೆ ಎಲ್ಲ ಮೊದಲಿನ ಹಾಗೆ, ವಿಟಿ-ಎಕ್ಸ್ ಆಫ್. ಹೋದ ಭಾನುವಾರ ಎಲ್ಲ ಓಡಿದ್ದು ಮಧ್ಯೆ ಮೇನ್ ಆಫ್ ಆಗದೇ ಇದ್ದದ್ದಕ್ಕೆ.

ಮಲ್ಟಿಮೀಟರ್ ಇಟ್ಟು ನೋಡಿದೆ. ಹೊಸ ಸಿಆರ್2032ಗೆ 3 ವೋಲ್ಟ್ ಇರಬೇಕು. 2ರಲ್ಲಿ 1.1, 5ರಲ್ಲಿ 0.8, 8ರಲ್ಲಿ 2.2. ಉಳಿದ ಹಳೆಯವೂ 2.7ರ ಆಸುಪಾಸು. ಮರುದಿನ ಪೇಟೆಯ ವಾಚ್ ಅಂಗಡಿಯಿಂದ ₹40ರಂತೆ 9 ತಂದೆ, ₹360.

ಮಧ್ಯಾಹ್ನ ಎಸ್‌ಎಸ್‌ಎಚ್ ನೋಡಿದರೆ ಹತ್ತು ವಿಎಂನಲ್ಲೂ ಸೇವೆಯೇ ಶುರುವಾಗಿಲ್ಲ, ಹೋಸ್ಟ್ ಕೀ ಇಲ್ಲ ಅಂತ. ನಿನ್ನೆಯ ತಪ್ಪು. ಅಚ್ಚಿನೊಳಗೆ ಒಂದು ಸಣ್ಣ ಸೇವೆ ಸೇರಿಸಿದೆ: ಆನ್ ಆಗುವಾಗ ಕೀ ಇಲ್ಲದಿದ್ದರೆ ಹೊಸದು ಮಾಡು, ಆಮೇಲೆ ಎಸ್‌ಎಸ್‌ಎಚ್ ಶುರುಮಾಡು. ಮತ್ತೆ ಒವಿಎ, ಮತ್ತೆ 25 ನಿಮಿಷ.

ಸೆಪ್ಟೆಂಬರ್ 13 ಮತ್ತು 14. ಬ್ಯಾಟರಿ ಹಾಕಿದ್ದು, ಹತ್ತನೆಯ ಕಂಪ್ಯೂಟರ್

ಒಂಬತ್ತಕ್ಕೂ ಬ್ಯಾಟರಿ ಹಾಕಿ, ಬಯಾಸ್ ಸರಿಮಾಡಿ, ಬೇಕಂತಲೇ ಮೇನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಆನ್ ಮಾಡಿದೆ. ಎಲ್ಲ ಉಳಿದಿತ್ತು.

ಹೊಸ ಕಂಪ್ಯೂಟರ್ ವಾರದಲ್ಲಿ ಅಪ್‌ಡೇಟ್ ಆಗಿ ಕರ್ನಲ್ 6.14ಕ್ಕೆ ಹೋಗಿತ್ತು. ವಿಎಂ ಆನ್ ಮಾಡಿದರೆ ಬೇರೆ ಯಾರೋ ವಿಟಿ-ಎಕ್ಸ್ ಹಿಡಿದುಕೊಂಡಿದ್ದಾರೆ ಅನ್ನುವ ಅರ್ಥದ ಎರರ್. ಕರ್ನಲ್ 6.12ರಿಂದ ಈಚೆ ಕೆವಿಎಂ (ವಿಎಂ ಓಡಿಸಲು ಲಿನಕ್ಸ್‌ನಲ್ಲೇ ಇರುವ ವ್ಯವಸ್ಥೆ) ಮಾಡ್ಯೂಲ್ ಲೋಡ್ ಆಗುತ್ತಿದ್ದ ಹಾಗೇ ವಿಟಿ-ಎಕ್ಸ್ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಮೊದಲು ಕೆವಿಎಂ ವಿಎಂ ಓಡುವಾಗ ಮಾತ್ರ ಹಾಗೆ ಆಗುತ್ತಿತ್ತು. ನಮಗೆ ಕೆವಿಎಂ ಬೇಡ, ಹಾಗಾಗಿ ಕೆವಿಎಂ ಇಂಟೆಲ್ ಮಾಡ್ಯೂಲ್ ಲೋಡ್ ಆಗದ ಹಾಗೆ ಬ್ಲ್ಯಾಕ್‌ಲಿಸ್ಟ್ ಮಾಡಿ ರೀಬೂಟ್ ಮಾಡಿದೆ. ಪ್ಲೇಬುಕ್ಕಿನಲ್ಲಿ ಈ ಸಾಲಿಗೆ ಷರತ್ತು ಇಟ್ಟಿದ್ದೇನೆ, ಕರ್ನಲ್ 6.12 ಅಥವಾ ಮೇಲಿದ್ದರೆ ಮಾತ್ರ.

ಕೊನೆಯದಾಗಿ ನನಗೆ ತುಂಬ ಇಷ್ಟವಾದ ಭಾಗ. ಇಂಪೋರ್ಟ್ ಆದ ಕೂಡಲೇ ಪ್ಲೇಬುಕ್ ಒಂದು ಸ್ನ್ಯಾಪ್‌ಶಾಟ್ (ವಿಎಂನ ಆ ಹೊತ್ತಿನ ಸ್ಥಿತಿಯ ನಕಲು) ತೆಗೆಯುತ್ತದೆ, ಡೆಸ್ಕ್‌ಟಾಪಿನ ಮೇಲೆ "ಮತ್ತೆ ಹೊಸದು" ಅನ್ನುವ ಐಕಾನ್ ಇಡುತ್ತದೆ. ಒತ್ತಿದರೆ ವಿಎಂ ಆಫ್ ಆಗಿ, ಸ್ನ್ಯಾಪ್‌ಶಾಟಿಗೆ ಮರಳಿ, ಮತ್ತೆ ಆನ್ ಆಗುತ್ತದೆ. ಮೊದಲು ಬರೆದದ್ದು ಕೆಲಸ ಮಾಡಲಿಲ್ಲ. ಆಫ್ ಆದ ತಕ್ಷಣ ಮರಳಲು ಹೋದರೆ ವಿಎಂ ಇನ್ನೂ ಲಾಕ್ ಆಗಿದೆ ಅನ್ನುತ್ತಿತ್ತು. ನಡುವೆ 3 ಸೆಕೆಂಡ್ ಕಾಯಲು ಬಿಟ್ಟೆ. ಸ್ನ್ಯಾಪ್‌ಶಾಟನ್ನು ವಿಎಂ ಒಮ್ಮೆಯೂ ಆನ್ ಆಗುವ ಮೊದಲು ತೆಗೆದರೆ, ಮರಳಿದಾಗಲೆಲ್ಲ ಹೊಸ ಮಷೀನ್ ಐಡಿ, ಹೊಸ ಐಪಿ ಬರುತ್ತದೆ. ಅದಕ್ಕೆ ಒಮ್ಮೆ ಆನ್ ಮಾಡಿ, ಆಫ್ ಮಾಡಿ, ಆಮೇಲೆ ತೆಗೆಯುವ ಹಾಗೆ ಬದಲಿಸಿದೆ.

ಖರ್ಚು: ರ‍್ಯಾಮ್ ₹1,950, ಬ್ಯಾಟರಿ ₹360, ಕೇಬಲ್ ₹120. ಒಟ್ಟು ₹2,430, ಬಸ್ ಖರ್ಚು ಬಿಟ್ಟು.

ಸೆಪ್ಟೆಂಬರ್ 20, ಶನಿವಾರ. ಸೊನ್ನೆಯಿಂದ ಪರೀಕ್ಷೆ

ಏಳನೆಯ ಕಂಪ್ಯೂಟರ್ ಪೂರ್ತಿ ಅಳಿಸಿ, ಉಬುಂಟು ಹೊಸದಾಗಿ ಹಾಕಿ, ಗಡಿಯಾರ ನೋಡಿಕೊಂಡು ಪ್ಲೇಬುಕ್ ಓಡಿಸಿದೆ. ಪೆನ್‌ಡ್ರೈವಿನಿಂದ ಉಬುಂಟು 16 ನಿಮಿಷ, ಎಸ್‌ಎಸ್‌ಎಚ್ ಹಾಕಿ ನನ್ನ ಕೀ ಸೇರಿಸಲು 3 ನಿಮಿಷ, ಪ್ಲೇಬುಕ್ 13 ನಿಮಿಷ. ಬಯಾಸ್‌ನಲ್ಲಿ ವಿಟಿ-ಎಕ್ಸ್ ಆಫ್ ಇದ್ದರೆ ಅಥವಾ ಸೆಕ್ಯೂರ್ ಬೂಟ್ ಆನ್ ಇದ್ದರೆ ಈಗ ಪ್ಲೇಬುಕ್ ಶುರುವಿನಲ್ಲೇ ನಿಂತು ಯಾವ ಕಂಪ್ಯೂಟರ್ ಅಂತ ಹೇಳುತ್ತದೆ, ಮೈನಸ್ 1908ರ ತನಕ ಹೋಗುವುದೇ ಇಲ್ಲ. ಉಬುಂಟು ಹಾಕುವುದು ಇನ್ನೂ ಕೈಯಲ್ಲೇ ಇದೆ, ಅದನ್ನು ನೆಟ್‌ವರ್ಕಿನಿಂದ ಬೂಟ್ ಮಾಡಿಸಿ ತಾನೇ ಆಗುವ ಹಾಗೆ ಮಾಡುವುದು ದಸರಾ ರಜೆಯ ಕೆಲಸ.

ಮೇಡಂ ಬಂದು ಮೂರನೆಯ ಕಂಪ್ಯೂಟರಿನಲ್ಲಿ ಕೂತರು. ವಿಎಂ ಒಳಗೆ ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರ್ ಪೂರ್ತಿ ಅಳಿಸಿದರು, ಅದು ಏನು ಹೇಳಿದರೂ ಎರರ್ ಕೊಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಐಕಾನ್ ಒತ್ತಿದರು. ಅರ್ಧ ನಿಮಿಷದಲ್ಲಿ ಲಾಗಿನ್ ಪರದೆ ಬಂತು. "ಸೋಮವಾರ ಮಕ್ಕಳ ಕೈಯಲ್ಲೂ ಇದನ್ನೇ ಮೊದಲು ಮಾಡಿಸ್ತೀನಿ," ಅಂದರು.